ಜ್ವರ ಬರುವ ಮುಂಚೆಯೇ

ಕ್ಯಾನ್ಸರ್‌ಗೆ ಬಲಗಡೆಯ ಸ್ತನ ತೆಗೆದ ಆಪರೇಷನ್ನಿನಲ್ಲೇ ನನಗೆ ಎಕ್ಸ್‌ಪಾಂಡರ್ ಹಾಕಿದರು. ಅದು ಸಿಲಿಕೋನಿನ ಒಂದು ಚೀಲ. ಎದೆಯ ಸ್ನಾಯುವಿನ ಅಡಿಯಲ್ಲಿ ಇಟ್ಟು ಹೊಲಿಗೆ ಹಾಕುತ್ತಾರೆ. ಗಾಯ ಮಾಗಿದ ಮೇಲೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಚರ್ಮದ ಮೇಲಿಂದಲೇ ಸೂಜಿ ಚುಚ್ಚಿ ಚೀಲಕ್ಕೆ ಸಲೈನ್ ತುಂಬಿಸುತ್ತಾರೆ. ಒಂದು ಸಲಕ್ಕೆ ಸುಮಾರು 50ರಿಂದ 100 ಎಂ.ಎಲ್. ಚರ್ಮ ನಿಧಾನಕ್ಕೆ ಹಿಗ್ಗುತ್ತದೆ. ಬೇಕಾದಷ್ಟು ಜಾಗ ಆದ ಮೇಲೆ ಚೀಲ ತೆಗೆದು ಅಲ್ಲಿ ಸ್ತನದ ಆಕಾರ ಕೊಡುವ ಖಾಯಂ ಇಂಪ್ಲಾಂಟ್ ಇಡುತ್ತಾರೆ. ನನಗೆ ಹೇಳಿದ್ದ ಪ್ಲಾನ್ ಇಷ್ಟೇ. ನಡುವೆ ಸೋಂಕು ಬಂತು.

ಬಂದದ್ದು ಬೇಗ ಗೊತ್ತಾಯಿತು. ಹೇಗೆ ಗೊತ್ತಾಯಿತು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ಈ ಆಪರೇಷನ್ ಮಾಡಿಸಿಕೊಳ್ಳುವವರೇ ಕಡಿಮೆ. ಮಾಡಿಸಿಕೊಂಡವರು ಬಾಯಿಬಿಟ್ಟು ಹೇಳುವುದು ಇನ್ನೂ ಕಡಿಮೆ. ಡಿಸ್ಚಾರ್ಜ್ ಮಾಡುವಾಗ ಕೊಡುವ ಕಾಗದದಲ್ಲಿ ‘ಜ್ವರ, ಕೆಂಪು, ಕೀವು ಕಂಡರೆ ತಕ್ಷಣ ಬನ್ನಿ’ ಅಂತ ಒಂದು ಸಾಲು ಇರುತ್ತದೆ. ಆ ಸಾಲು ಸರಿಯಾದದ್ದೇ. ಆದರೆ ನನಗೆ ಜ್ವರ ಬಂದಿರಲಿಲ್ಲ. ಕೀವು ಇರಲಿಲ್ಲ. ಚರ್ಮ ಕೆಂಪಗೂ ಆಗಿರಲಿಲ್ಲ. ಆದರೂ ಒಳಗೆ ಸೋಂಕು ಶುರುವಾಗಿತ್ತು.

ಹೀಗೆ ಆಗುವ ಸಾಧ್ಯತೆ ಇದೆ ಅಂತ ಪ್ಲಾಸ್ಟಿಕ್ ಸರ್ಜನ್ ಮೊದಲೇ ಕೂರಿಸಿಕೊಂಡು ಹೇಳಿದ್ದರು. ಅಂದಕ್ಕಾಗಿ ಇಂಪ್ಲಾಂಟ್ ಹಾಕಿಸಿಕೊಳ್ಳುವವರಲ್ಲಿ ಸೋಂಕು ಬರುವುದು ನೂರಕ್ಕೆ ಒಬ್ಬರಿಗೋ ಇಬ್ಬರಿಗೋ. ಕ್ಯಾನ್ಸರ್‌ಗೆ ಸ್ತನ ತೆಗೆದು ಹಾಕಿಸಿಕೊಂಡವರಲ್ಲಿ ಅದಕ್ಕಿಂತ ಜಾಸ್ತಿ. ಆಸ್ಪತ್ರೆಯಿಂದ ಆಸ್ಪತ್ರೆಗೆ ಲೆಕ್ಕ ಬೇರೆ ಬೇರೆ, ನೂರಕ್ಕೆ 1ರಿಂದ 35ರವರೆಗೂ ವರದಿಗಳಿವೆ. ಕಾರಣ ಕೇಳಿದೆ. ಸ್ತನದ ಒಳಗಿನ ಭಾಗ ಪೂರ್ತಿ ತೆಗೆದಾಗ ಮೇಲೆ ಉಳಿಯುವ ಚರ್ಮ ತೆಳು. ಅದಕ್ಕೆ ರಕ್ತ ಹರಿಯುವುದೂ ಕಡಿಮೆ. ಕಂಕುಳಿನ ಗಂಟುಗಳನ್ನು (ಲಿಂಫ್ ನೋಡ್) ತೆಗೆದಿರುತ್ತಾರೆ. ಒಳಗೆ ಸೇರುವ ನೀರನ್ನು ಹೊರಗೆ ತರಲು ಹೊರಗಿನಿಂದ ಒಳಗೆ ಡ್ರೈನ್ ಟ್ಯೂಬ್ ಹೋಗಿರುತ್ತದೆ. ಸಕ್ಕರೆ ಕಾಯಿಲೆ, ಸಿಗರೇಟು, ಜಾಸ್ತಿ ತೂಕ, ರೇಡಿಯೇಷನ್ ಇವೆಲ್ಲ ಅದರ ಮೇಲೆ ಸೇರಿಕೊಳ್ಳುತ್ತವೆ. ನನಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ‘ನಿಮಗೆ ಬರುತ್ತೆ ಅಂತಲ್ಲ. ಬಂದರೆ ಬೇಗ ಕಾಣಬೇಕು, ಅಷ್ಟೇ’ ಅಂದರು.

ಬೇಗ ಕಾಣುವುದು ಹೇಗೆ ಅಂತ ಕಲಿಸಿದವರು ವಾರ್ಡಿನ ಒಬ್ಬ ಸಿಸ್ಟರ್. ಮಂಗಳೂರು ಕಡೆಯವರು. ಮನೆಗೆ ಹೊರಡುವ ಹಿಂದಿನ ಸಂಜೆ ಪರದೆ ಎಳೆದು, ನನ್ನ ಪಕ್ಕ ಕುಳಿತು, ಒಂದೊಂದಾಗಿ ತೋರಿಸಿಕೊಟ್ಟರು. ಅವರು ಹೇಳಿದ ಮೊದಲ ಮಾತೇ ನನ್ನನ್ನು ಉಳಿಸಿದ್ದು.

‘ನೋಡಿ ಮೇಡಂ, ನಿಮಗೆ ಆ ಜಾಗದಲ್ಲಿ ಸ್ಪರ್ಶ ಇರುವುದಿಲ್ಲ. ನೋವಾಗುತ್ತದಾ, ಉರಿಯುತ್ತದಾ ಅಂತ ಕಾಯಬೇಡಿ. ಚರ್ಮಕ್ಕೆ ಗೊತ್ತಾಗುವುದಿಲ್ಲ. ಕೈಗೆ ಗೊತ್ತಾಗಬೇಕು.’

ಇದು ಎಷ್ಟು ನಿಜ ಅಂತ ಮನೆಗೆ ಬಂದ ಮೇಲೆ ಅರ್ಥವಾಯಿತು. ಸ್ತನ ತೆಗೆಯುವಾಗ ಚರ್ಮಕ್ಕೆ ಬರುವ ಸಣ್ಣ ನರಗಳು ತುಂಡಾಗುತ್ತವೆ. ಬೆರಳಿಟ್ಟರೆ ಬೆರಳಿಗೆ ಚರ್ಮ ತಾಗುತ್ತದೆ, ಚರ್ಮಕ್ಕೆ ಬೆರಳು ತಾಗುವುದಿಲ್ಲ. ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು ಸುಟ್ಟುಕೊಂಡವರಿದ್ದಾರೆ ಅಂತ ಸಿಸ್ಟರ್ ಹೇಳಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಆ ಬ್ಯಾಗನ್ನು ಅತ್ತೆಯೇ ಎತ್ತಿ ಅಟ್ಟದ ಮೇಲೆ ಇಟ್ಟರು.

ಸಿಸ್ಟರ್ ಕಲಿಸಿದ ರೀತಿ ಹೀಗೆ. ಅಂಗೈ ಬೇಡ, ಬೆರಳುಗಳ ಹಿಂಭಾಗ ಇಡಬೇಕು. ಶಾಖ ಅಲ್ಲಿ ಚೆನ್ನಾಗಿ ತಿಳಿಯುತ್ತದೆ. ಮೊದಲು ಆಪರೇಷನ್ ಆಗದ ಕಡೆ, ಆಮೇಲೆ ಆದ ಕಡೆ. ಅದೇ ಎತ್ತರದಲ್ಲಿ, ಅದೇ ಜಾಗದಲ್ಲಿ. ಮೇಲಿನಿಂದ ಶುರುಮಾಡಿ ಕೆಳಗಿನ ಮಡಿಕೆಯವರೆಗೆ, ಆಮೇಲೆ ಕಂಕುಳಿನ ಕಡೆಗೆ. ದಿನವೂ ಒಂದೇ ಹೊತ್ತಿಗೆ. ಸ್ನಾನ ಮಾಡಿದ ತಕ್ಷಣ ಬೇಡ, ಹೊದ್ದು ಮಲಗಿ ಎದ್ದ ತಕ್ಷಣವೂ ಬೇಡ, ಆಗ ಎಲ್ಲ ಕಡೆಯೂ ಬಿಸಿ ಇರುತ್ತದೆ. ಆಪರೇಷನ್ ಆದ ಕಡೆ ಮೊದಲ ಕೆಲವು ದಿನ ಸ್ವಲ್ಪ ಬೆಚ್ಚಗೆ ಇರುವುದು ಸಹಜ. ಆ ಬಿಸಿ ದಿನ ಕಳೆದಂತೆ ಇಳಿಯಬೇಕು. ಇಳಿದಿದ್ದು ಮತ್ತೆ ಏರಿದರೆ ಅದೇ ಸೂಚನೆ.

ಡ್ರೈನ್ ವಿಷಯವೂ ಹಾಗೇ. ನನಗೆ ಎರಡು ಡ್ರೈನ್ ಹಾಕಿದ್ದರು. ಬೆಳಿಗ್ಗೆ ಡಬ್ಬಿಯಲ್ಲಿ ಎಷ್ಟು ಎಂ.ಎಲ್. ಬಂತು ಅಂತ ಅಳತೆ ನೋಡಿ ಪುಸ್ತಕದಲ್ಲಿ ಬರೆಯಬೇಕು. 24 ಗಂಟೆಯಲ್ಲಿ 30 ಎಂ.ಎಲ್.ಗಿಂತ ಕಡಿಮೆ, ಅದೂ ಎರಡು ದಿನ ಸತತವಾಗಿ ಬಂದರೆ ತೆಗೆಯುತ್ತಾರೆ. ಎಲ್ಲರೂ ಅಳತೆ ಬರೆಯುತ್ತಾರೆ. ಸಿಸ್ಟರ್ ಬಣ್ಣವನ್ನೂ ಬರೆಯಿರಿ ಅಂದರು. ಮೊದಲು ಕೆಂಪು, ಆಮೇಲೆ ನಸುಗೆಂಪು, ಆಮೇಲೆ ತಿಳಿ ಹಳದಿ. ಟ್ಯೂಬನ್ನು ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವಷ್ಟು ತಿಳಿಯಾಗಿರಬೇಕು. ತಿಳಿಯಾದ ನೀರು ಮತ್ತೆ ಕದಡಿದರೆ, ವಾಸನೆ ಬಂದರೆ, ಕಡಿಮೆಯಾಗಿದ್ದ ಅಳತೆ ಇದ್ದಕ್ಕಿದ್ದ ಹಾಗೆ ಹೆಚ್ಚಾದರೆ ಫೋನ್ ಮಾಡಬೇಕು. ನನ್ನ ಡ್ರೈನಿನಲ್ಲಿ ಇದ್ಯಾವುದೂ ಆಗಲಿಲ್ಲ. ಎರಡೂ ಸಲೀಸಾಗಿ ಹೊರಬಂದವು.

ಇನ್ನು ಬಣ್ಣದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆಸ್ಪತ್ರೆಯವರು ಕೊಟ್ಟ ಪುಸ್ತಿಕೆಯಲ್ಲಿ ಸೋಂಕಾದ ಸ್ತನದ ಚಿತ್ರ ಇತ್ತು. ಬಿಳಿ ಚರ್ಮ, ಅದರ ಮೇಲೆ ಟೊಮೆಟೊ ಕೆಂಪು. ನನ್ನ ಮೈ ಬಣ್ಣ ಕಪ್ಪು. ನನ್ನ ಚರ್ಮ ಯಾವತ್ತೂ ಹಾಗೆ ಕೆಂಪಗೆ ಆಗುವುದಿಲ್ಲ. ಚಿಕ್ಕಂದಿನಲ್ಲಿ ಮೊಣಕಾಲಿಗೆ ಗಾಯವಾಗಿ ಬಾವು ಬಂದಾಗಲೂ ಸುತ್ತಲಿನ ಚರ್ಮ ಇನ್ನಷ್ಟು ಕಪ್ಪಾಗುತ್ತಿತ್ತು, ನೇರಳೆ ಛಾಯೆ ಬರುತ್ತಿತ್ತು. ನಮ್ಮಲ್ಲಿ ಮುಕ್ಕಾಲು ಪಾಲು ಹೆಂಗಸರ ಚರ್ಮ ಹೀಗೇ ಅಲ್ವಾ? ಬಿಳಿಯರ ಚಿತ್ರ ನೋಡಿಕೊಂಡು ಕೆಂಪಿಗೆ ಕಾಯುತ್ತಾ ಕುಳಿತರೆ ನಮಗೆ ಸಮಯ ಮೀರಿ ಹೋಗುತ್ತದೆ. ಈ ಪುಸ್ತಿಕೆಗಳಲ್ಲಿ ನಮ್ಮ ಬಣ್ಣದ ಚರ್ಮದ ಚಿತ್ರ ಹಾಕಲೇಬೇಕು ಅಂತ ನಾನು ಆಮೇಲೆ ಡಾಕ್ಟರಿಗೂ ಹೇಳಿದ್ದೇನೆ, ಇಲ್ಲೂ ಹೇಳುತ್ತಿದ್ದೇನೆ.

ಕಪ್ಪು ಚರ್ಮದಲ್ಲಿ ನೋಡಬೇಕಾದದ್ದು ಬೇರೆ. ಒಂದು ಕಡೆಯ ಬಣ್ಣ ಇನ್ನೊಂದು ಕಡೆಗಿಂತ ಗಾಢವಾಗಿದೆಯಾ? ಚರ್ಮದ ಸಣ್ಣ ಗೆರೆಗಳು ಮಾಯವಾಗಿ ಬಿಗಿಯಾಗಿದೆಯಾ? ಹೊಳೆಯುತ್ತಿದೆಯಾ? ಬ್ರಾ ಹೊಲಿಗೆಯ ಗುರುತು ಬಿಚ್ಚಿದ ಮೇಲೂ ತುಂಬಾ ಹೊತ್ತು ಹಾಗೇ ಉಳಿದಿದೆಯಾ? ಗುರುತು ಉಳಿದರೆ ಊತ ಇದೆ ಅಂತ ಅರ್ಥ. ಇದಕ್ಕಾಗಿ ನಾನು ದಿನವೂ ಬೆಳಿಗ್ಗೆ ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳುತ್ತಿದ್ದೆ. ಅದೇ ಕಿಟಕಿಯ ಪಕ್ಕ, ಅದೇ ಹೊತ್ತು, ಫ್ಲ್ಯಾಶ್ ಇಲ್ಲದೆ. ಎರಡೂ ಕಡೆ ಒಂದೇ ಫೋಟೊದಲ್ಲಿ ಬರಬೇಕು. ಪಕ್ಕದಲ್ಲಿ ಒಂದು ಬಿಳಿ ಕರ್ಚೀಫ್ ಇಟ್ಟುಕೊಳ್ಳುತ್ತಿದ್ದೆ. ಬೆಳಕು ಬದಲಾದರೆ ಕರ್ಚೀಫಿನ ಬಣ್ಣ ನೋಡಿದ ಕೂಡಲೇ ಗೊತ್ತಾಗುತ್ತದೆ. ಆ ಫೋಟೊಗಳನ್ನು ಬೇರೆ ಯಾರಿಗೂ ಸಿಗದ ಹಾಗೆ ಲಾಕ್ ಇರುವ ಫೋಲ್ಡರಿನಲ್ಲಿ ಇಟ್ಟಿದ್ದೆ.

ತುಮಕೂರಿನ ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಜೊತೆಯಾದವರು ಅತ್ತೆ. ಬೆನ್ನ ಕಡೆ, ಕಂಕುಳಿನ ಹಿಂದೆ ನನಗೆ ಕಾಣುತ್ತಿರಲಿಲ್ಲ, ಅವರು ನೋಡುತ್ತಿದ್ದರು. ಮೊದಲ ವಾರ ಅರಿಶಿನ ಹಚ್ಚೋಣ ಅಂದಿದ್ದರು. ಗಾಯದ ಮೇಲೆ ಏನೂ ಹಚ್ಚಬಾರದು, ಬಣ್ಣ ಬೇರೆ ಗೊತ್ತಾಗಲ್ಲ ಅಂದೆ. ಬಣ್ಣ ಗೊತ್ತಾಗಲ್ಲ ಅನ್ನುವುದು ಅವರಿಗೆ ಸರಿ ಅನ್ನಿಸಿತು. ಮತ್ತೆ ಅರಿಶಿನದ ಮಾತು ಎತ್ತಲಿಲ್ಲ.

ಸಲೈನ್ ತುಂಬಿಸಲು ಶುರು ಮಾಡಿದ ಮೇಲೆ ಒಂದು ದಿನ ಬಲಗಡೆಯ ಕೆಳಗೆ, ಕಂಕುಳಿನ ಕಡೆಯ ಮೂಲೆಯಲ್ಲಿ, ಬೆರಳಿಗೆ ಸ್ವಲ್ಪ ಬಿಸಿ ತಾಗಿತು. ಎರಡು ಬೆರಳಗಲದ ಜಾಗ. ಬೇಸಿಗೆ ಬೇರೆ. ಏಪ್ರಿಲ್ ತಿಂಗಳ ತುಮಕೂರಿನಲ್ಲಿ ಮೈಯೆಲ್ಲ ಬಿಸಿಯೇ. ಫ್ಯಾನ್ ಕೆಳಗೆ ಒಂದಷ್ಟು ಹೊತ್ತು ಕುಳಿತು ಮತ್ತೆ ನೋಡಿದೆ. ಎಡಗಡೆ ತಣ್ಣಗಾಗಿತ್ತು. ಬಲಗಡೆಯ ಆ ಮೂಲೆ ಆಗಿರಲಿಲ್ಲ. ಥರ್ಮಾಮೀಟರ್ ಇಟ್ಟರೆ 98.8. ಜ್ವರ ಅಲ್ಲ.

ಇಲ್ಲಿ ಇನ್ನೊಂದು ವಿಷಯ ಇದೆ. ನೋವಿಗೆ ಅಂತ ಪ್ಯಾರಾಸಿಟಮಾಲ್ ತೆಗೆದುಕೊಳ್ಳುತ್ತಿರುತ್ತೇವೆ. ಅದು ಜ್ವರವನ್ನೂ ಇಳಿಸುತ್ತದೆ. ಮಾತ್ರೆ ನುಂಗಿದ ಮೇಲೆ ಥರ್ಮಾಮೀಟರ್ ಇಟ್ಟರೆ ಅದು ಹೇಳುವುದನ್ನು ಪೂರ್ತಿ ನಂಬುವ ಹಾಗಿಲ್ಲ. ಮುಂದಿನ ಮಾತ್ರೆಗೆ ಮುಂಚೆ ನೋಡಬೇಕು. ಹಾಗೆ ನೋಡಿದಾಗಲೂ ನನಗೆ 99.2 ಇತ್ತು, ಅಷ್ಟೇ. ಕಾಗದದಲ್ಲಿ 100.4 ಆದರೆ ಬನ್ನಿ ಅಂತ ಇತ್ತು.

ಬಾಲ್‌ಪೆನ್ನಿನಲ್ಲಿ ಆ ಬಿಸಿಯ ಸುತ್ತ ಗೆರೆ ಎಳೆದೆ. ಬಣ್ಣ ನೋಡಿ ಎಳೆಯಲು ಆಗಲಿಲ್ಲ, ಬಣ್ಣದಲ್ಲಿ ಅಂಚೇ ಕಾಣುತ್ತಿರಲಿಲ್ಲ. ಬೆರಳಿನ ಹಿಂಭಾಗವನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ, ಎಲ್ಲಿ ಬಿಸಿ ನಿಲ್ಲುತ್ತದೋ ಅಲ್ಲಿ ಚುಕ್ಕೆ ಇಟ್ಟು, ಚುಕ್ಕೆಗಳನ್ನು ಸೇರಿಸಿದೆ. ಮಾರನೇ ಬೆಳಿಗ್ಗೆ ಬಿಸಿ ಗೆರೆ ದಾಟಿತ್ತು. ಹೊಕ್ಕುಳಿನ ಕಡೆಗೆ ಒಂದು ಬೆರಳಗಲ ಮುಂದೆ ಬಂದಿತ್ತು. ಅತ್ತೆಯನ್ನು ಕರೆದೆ. ಕಿಟಕಿಯ ಕಡೆ ತಿರುಗಿಸಿ, ಕನ್ನಡಕ ಸರಿ ಮಾಡಿಕೊಂಡು, ಬಗ್ಗಿ ನೋಡಿದರು.

‘ಏನಮ್ಮ ಇದು, ಎಣ್ಣೆ ಸವರಿದಂಗೆ ಹೊಳೀತೈತಲ್ಲ? ಮೊನ್ನೆ ಹಿಂಗಿರ್ಲಿಲ್ಲ.’

ಫೋಟೊ ತೆಗೆದು ಹಿಂದಿನ ದಿನಗಳದ್ದರ ಜೊತೆ ಇಟ್ಟು ನೋಡಿದೆ. ಹೊಳಪು ನಿಜ. ಕಂದು ಬಣ್ಣವೂ ಒಂದು ಛಾಯೆ ಗಾಢವಾಗಿತ್ತು. ಒಂದೇ ಫೋಟೊ ನೋಡಿದ್ದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಸಾಲಾಗಿ ಇಟ್ಟಾಗ ಕಣ್ಣಿಗೆ ಹೊಡೆಯುತ್ತಿತ್ತು.

ಯಜಮಾನರು ‘ಜ್ವರ ಇಲ್ವಲ್ಲ, ಇಲ್ಲೇ ಯಾರಿಗಾದ್ರೂ ತೋರಿಸಿ ಒಂದು ಆ್ಯಂಟಿಬಯಾಟಿಕ್ ಬರೆಸಿಕೊಳ್ಳೋಣ್ವಾ?’ ಅಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಬೆಂಗಳೂರು 70 ಕಿಲೋಮೀಟರ್, ಆ ಬಿಸಿಲು, ಆ ಟ್ರಾಫಿಕ್ಕು. ನಾನು ಮೊದಲು ಆಸ್ಪತ್ರೆಯ ಬ್ರೆಸ್ಟ್ ಕೇರ್ ನರ್ಸ್‌ಗೆ ಫೋನ್ ಮಾಡಿದೆ. ಮೂರು ಫೋಟೊ ಕಳಿಸಿದೆ. ಸ್ವಲ್ಪ ಹೊತ್ತಿಗೆ ಸರ್ಜನ್ನೇ ಫೋನ್ ಮಾಡಿದರು. ‘ಯಾವ ಮಾತ್ರೆನೂ ಶುರು ಮಾಡ್ಬೇಡಿ. ಈಗಲೇ ಹೊರಡಿ. ಬೆಳಿಗ್ಗೆಯಿಂದ ಏನು ತಿಂದಿದ್ದೀರಿ, ಎಷ್ಟು ಹೊತ್ತಿಗೆ ತಿಂದ್ರಿ ಅಂತ ನೆನಪಿಟ್ಕೊಳ್ಳಿ’ ಅಂದರು.

ಮಾತ್ರೆ ಯಾಕೆ ಬೇಡ ಅಂದದ್ದು ಅಂತ ದಾರಿಯಲ್ಲಿ ಗೊತ್ತಾಗಲಿಲ್ಲ, ಆಮೇಲೆ ಅವರೇ ವಿವರಿಸಿದರು. ಒಳಗಿನ ನೀರನ್ನು ತೆಗೆದು, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸಿದಾಗ ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧಿ ಕೆಲಸ ಮಾಡುತ್ತದೆ ಅಂತ ತಿಳಿಯಬೇಕು. ಮೊದಲೇ ಒಂದೆರಡು ಆ್ಯಂಟಿಬಯಾಟಿಕ್ ಮಾತ್ರೆ ನುಂಗಿದ್ದರೆ ಕಲ್ಚರಿನಲ್ಲಿ ಏನೂ ಬೆಳೆಯದೇ ಹೋಗಬಹುದು. ಆಗ ಡಾಕ್ಟರು ಕತ್ತಲಲ್ಲಿ ಔಷಧಿ ಕೊಡಬೇಕಾಗುತ್ತದೆ. ಮೇಲಿನ ಊತ ಸ್ವಲ್ಪ ಇಳಿದು, ಒಳಗೆ ಸೋಂಕು ಹಾಗೇ ಉಳಿಯುವ ಅಪಾಯವೂ ಇದೆ. ನಮ್ಮ ಊರುಗಳಲ್ಲಿ ಮೆಡಿಕಲ್ ಶಾಪಿನಿಂದ ಸುಮ್ನೆ ಮಾತ್ರೆ ತಂದು ನುಂಗುವ ರೂಢಿ ಇದೆ. ಇಂಪ್ಲಾಂಟ್ ಇರುವವರು ದಯವಿಟ್ಟು ಹಾಗೆ ಮಾಡಬೇಡಿ.

ಆಸ್ಪತ್ರೆಯಲ್ಲಿ ಮೊದಲು ಕೈಯಿಂದ ನೋಡಿದರು. ಸರ್ಜನ್ ಕೂಡ ಸಿಸ್ಟರ್ ಹೇಳಿದ ಹಾಗೇ ಬೆರಳ ಹಿಂಭಾಗ ಇಟ್ಟು ನೋಡಿದ್ದು ನನಗೆ ಧೈರ್ಯ ಕೊಟ್ಟಿತು. ನನ್ನ ಬಾಲ್‌ಪೆನ್ನಿನ ಗೆರೆಯ ಹೊರಗೆ ಅವರ ಸ್ಕಿನ್ ಮಾರ್ಕರಿನಲ್ಲಿ ಹೊಸ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಮತ್ತು ಸಮಯ ಬರೆದರು. ಮಲಗಿಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು. ಕೆಲವರಿಗೆ ನಿಂತಾಗ ಕೆಳಭಾಗದಲ್ಲಿ ನೀರು ಇಳಿದು ಬಣ್ಣ ಬದಲಾಗುತ್ತದಂತೆ, ಮಲಗಿದರೆ ಕಡಿಮೆಯಾಗುತ್ತದಂತೆ. ನನ್ನದು ಕಡಿಮೆಯಾಗಲಿಲ್ಲ.

ರಕ್ತ ಪರೀಕ್ಷೆಯ ಫಲಿತಾಂಶ ನೋಡಿ ನನಗೆ ಗೊಂದಲವಾಯಿತು. ಬಿಳಿ ರಕ್ತಕಣಗಳ ಲೆಕ್ಕ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಸೋಂಕು, ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಸಿ.ಆರ್.ಪಿ. ಅನ್ನುವುದು 5ರ ಒಳಗೆ ಇರಬೇಕಾದದ್ದು 60 ದಾಟಿತ್ತು. ಸಿ.ಆರ್.ಪಿ. ಒಂದನ್ನೇ ನೋಡಿ ಸೋಂಕು ಅನ್ನುವ ಹಾಗೂ ಇಲ್ಲ. ಯಾವ ಆಪರೇಷನ್ ಆದರೂ ಅದು ಏರುತ್ತದೆ, ಎರಡು ಮೂರು ದಿನಕ್ಕೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಆಪರೇಷನ್ ಆಗಿ ಅಷ್ಟು ಕಾಲವಾದ ಮೇಲೂ ಏರಿದೆ ಅನ್ನುವುದೇ ಅವರಿಗೆ ಮುಖ್ಯವಾಯಿತು. ರಿಪೋರ್ಟಿನಲ್ಲಿ ಒಂದು ಸಂಖ್ಯೆ ನಾರ್ಮಲ್ ಅಂತ ಬಂದರೆ ಎಲ್ಲ ಸರಿ ಇದೆ ಅಂದುಕೊಳ್ಳಬಾರದು ಅಂತ ಅವತ್ತು ಕಣ್ಣಾರೆ ಕಂಡೆ.

ಆಮೇಲೆ ಅಲ್ಟ್ರಾಸೌಂಡ್. ಎಂ.ಆರ್.ಐ. ಮಾಡುವ ಹಾಗಿರಲಿಲ್ಲ, ನನ್ನ ಎಕ್ಸ್‌ಪಾಂಡರಿಗೆ ಸಲೈನ್ ತುಂಬಿಸುವ ಪೋರ್ಟಿನಲ್ಲಿ ಅಯಸ್ಕಾಂತ ಇದೆ. ಸ್ಕ್ರೀನಿನಲ್ಲಿ ಚೀಲದ ಅಂಚು ನೇರವಾದ ಬಿಳಿ ಗೆರೆಯಾಗಿ ಕಾಣುತ್ತಿತ್ತು. ಅದರ ಹೊರಗೆ, ಸರಿಯಾಗಿ ಆ ಬಿಸಿ ಮೂಲೆಯಲ್ಲಿ, ಒಂದು ಕಪ್ಪು ಪಟ್ಟಿ. ನೀರು ನಿಂತಿದೆ ಅಂದರು. ಬರೀ ನೀರು ನಿಲ್ಲುವುದು ಸಾಮಾನ್ಯ, ಅದನ್ನು ಸೆರೋಮಾ ಅನ್ನುತ್ತಾರೆ. ನನ್ನದರೊಳಗೆ ಸಣ್ಣ ಸಣ್ಣ ಕಣಗಳು ತೇಲುತ್ತಿದ್ದವು. ಚೀಲಕ್ಕೆ ತಾಗದ ಹಾಗೆ ಸ್ಕ್ರೀನ್ ನೋಡುತ್ತಲೇ ಸೂಜಿ ಹಾಕಿ ಎಳೆದರು. ಸಿರಿಂಜಿನಲ್ಲಿ ಬಂದದ್ದು ಮಸುಕಾದ ಹಳದಿ ನೀರು. ಡ್ರೈನ್ ಟ್ಯೂಬಿನಲ್ಲಿ ಅಷ್ಟು ದಿನ ತಿಳಿ ನೀರು ನೋಡಿದ್ದ ನನಗೆ ಯಾರೂ ಹೇಳುವುದು ಬೇಕಿರಲಿಲ್ಲ.

ಅಡ್ಮಿಟ್ ಮಾಡಿಕೊಂಡರು. ಕೈಗೆ ಡ್ರಿಪ್ ಹಾಕಿ ಎರಡು ಬಗೆಯ ಆ್ಯಂಟಿಬಯಾಟಿಕ್ ಶುರು ಮಾಡಿದರು. ಕಲ್ಚರ್ ರಿಪೋರ್ಟ್ ಬರಲು ಎರಡು ಮೂರು ದಿನ ಬೇಕು, ಅಲ್ಲಿಯವರೆಗೆ ಬರಬಹುದಾದ ಎಲ್ಲಕ್ಕೂ ಸೇರಿಸಿ ಕೊಡುತ್ತಾರೆ. ಬಂದದ್ದು ಸ್ಟ್ಯಾಫಿಲೋಕಾಕಸ್ ಆರಿಯಸ್. ನಮ್ಮ ಚರ್ಮದ ಮೇಲೆ, ಮೂಗಿನೊಳಗೆ ಎಷ್ಟೋ ಜನರಲ್ಲಿ ಸುಮ್ಮನೆ ಇರುವ ಬ್ಯಾಕ್ಟೀರಿಯಾ. ಇಂಥ ಸೋಂಕುಗಳಲ್ಲಿ ಹೆಚ್ಚಾಗಿ ಸಿಗುವುದರಲ್ಲಿ ಇದೂ ಒಂದು. ಔಷಧಿಗೆ ಬಗ್ಗುವ ಜಾತಿಯದ್ದು ಅಂತ ತಿಳಿದಾಗ ಡಾಕ್ಟರ ಮುಖದಲ್ಲಿ ಸ್ವಲ್ಪ ನಿರಾಳ ಕಾಣಿಸಿತು.

ದಿನಕ್ಕೆರಡು ಸಲ ರೌಂಡ್ಸಿನಲ್ಲಿ ಅವರು ನೋಡುತ್ತಿದ್ದದ್ದು ಆ ಗೆರೆ. ಬಿಸಿ ಗೆರೆಯಿಂದ ಒಳಕ್ಕೆ ಸರಿಯಬೇಕು. ಸರಿಯಲಿಲ್ಲ. ಹೊರಕ್ಕೂ ಹೋಗಲಿಲ್ಲ. ಅಲ್ಲೇ ನಿಂತಿತ್ತು. ಸಿ.ಆರ್.ಪಿ. ಸ್ವಲ್ಪ ಇಳಿದು ನಿಂತಿತು. ಆಗ ಸರ್ಜನ್ ಬಂದು ಕುಳಿತು ಹೇಳಿದ ಮಾತುಗಳು ನನಗೆ ಇಡೀ ವಿಷಯವನ್ನೇ ಬೇರೆ ರೀತಿ ತೋರಿಸಿದವು.

ದೇಹದೊಳಗೆ ಹೊರಗಿನ ವಸ್ತು ಇಟ್ಟಾಗ ಅದರ ಮೇಲ್ಮೈಯನ್ನು ಯಾರು ಮೊದಲು ಹಿಡಿಯುತ್ತಾರೆ ಅಂತ ಒಂದು ಓಟ ನಡೆಯುತ್ತದಂತೆ. ಒಂದು ಕಡೆ ನಮ್ಮ ದೇಹದ ಜೀವಕೋಶಗಳು, ಇನ್ನೊಂದು ಕಡೆ ಬ್ಯಾಕ್ಟೀರಿಯಾ. 1987ರಲ್ಲಿ ಆ್ಯಂಥನಿ ಗ್ರಿಸ್ಟಿನಾ ಅನ್ನುವ ಅಮೆರಿಕದ ಡಾಕ್ಟರು ಇದನ್ನು ವಿವರಿಸಿದರಂತೆ. ಬ್ಯಾಕ್ಟೀರಿಯಾ ಮೊದಲು ಹಿಡಿದರೆ ಅವು ತಮ್ಮ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಅದಕ್ಕೆ ಬಯೋಫಿಲ್ಮ್ ಅಂತ ಹೆಸರು. ಆ ಪದರದೊಳಗೆ ಕುಳಿತವಕ್ಕೆ ಔಷಧಿ ಸರಿಯಾಗಿ ಮುಟ್ಟುವುದಿಲ್ಲ. ರಕ್ತದಲ್ಲಿನ ಬಿಳಿ ಕಣಗಳಿಗೂ ಸಿಗುವುದಿಲ್ಲ. ಚೀಲಕ್ಕೆ ರಕ್ತ ಹರಿಯುವುದಿಲ್ಲವಲ್ಲ, ಔಷಧಿ ಅಲ್ಲಿಗೆ ಹೋಗುವುದಾದರೂ ಹೇಗೆ? ‘ನೀವು ಬೇಗ ಬಂದಿದ್ದೀರಿ. ಚರ್ಮ ಚೆನ್ನಾಗಿದೆ, ರಕ್ತಕ್ಕೆ ಹೋಗಿಲ್ಲ. ಅದಕ್ಕೇ ನಮಗೆ ಇನ್ನೊಂದು ದಾರಿ ಇದೆ. ಒಳಗೆ ತೊಳೆದು ಚೀಲ ಬದಲಾಯಿಸಬಹುದು. ತಡವಾಗಿದ್ದಿದ್ರೆ ತೆಗೆದು ಮುಚ್ಚೋದೊಂದೇ ಇರ್ತಿತ್ತು.’

ಒಪ್ಪಿದೆ. ಆಪರೇಷನ್ನಿನಲ್ಲಿ ಹಳೆಯ ಚೀಲ ತೆಗೆದು, ಜಾಗವನ್ನು ಲೀಟರ್‌ಗಟ್ಟಲೆ ಸಲೈನಿನಿಂದ ತೊಳೆದು, ಗೋಡೆಗೆ ಅಂಟಿದ್ದ ಕೆಟ್ಟ ಪದರವನ್ನು ಕೆರೆದು ತೆಗೆದರಂತೆ. ಆಮೇಲೆ ಎಲ್ಲರೂ ಗ್ಲೌಸ್ ಬದಲಿಸಿ, ಹೊಸ ಬಟ್ಟೆ ಹೊದಿಸಿ, ಹೊಸ ಸಲಕರಣೆಗಳಿಂದ ಹೊಸ ಎಕ್ಸ್‌ಪಾಂಡರ್ ಇಟ್ಟಿದ್ದಾರೆ. ಚರ್ಮಕ್ಕೆ ಬಿಗಿಯಾಗದ ಹಾಗೆ ಸ್ವಲ್ಪವೇ ಸಲೈನ್. ಮತ್ತೆ ಡ್ರೈನ್. ಮತ್ತೆ ಅಳತೆ, ಬಣ್ಣ. ಎಚ್ಚರವಾದ ಮೇಲೆ ನಾನು ಮೊದಲು ಮಾಡಿದ ಕೆಲಸ ಬ್ಯಾಂಡೇಜಿನ ಅಂಚಿನಲ್ಲಿ ಬೆರಳ ಹಿಂಭಾಗ ಇಟ್ಟು ನೋಡಿದ್ದು.

ಬೇಗ ಕಂಡುಹಿಡಿದರೆ ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಪಕ್ಕದ ಹಾಸಿಗೆಯಲ್ಲಿ ಗದಗ ಕಡೆಯ ಒಬ್ಬ ಅಕ್ಕ ಇದ್ದರು. ಅವರೂ ದಿನವೂ ನೋಡಿಕೊಳ್ಳುತ್ತಿದ್ದರು, ನನಗಿಂತ ಶಿಸ್ತಿನಿಂದ. ಅವರಿಗೆ ಕೀಮೋ ನಡೆಯುತ್ತಿತ್ತು. ‘ಕೆಂಪ ಇಲ್ಲ, ಬಾವ ಇಲ್ಲ, ಏನೂ ಇಲ್ರಿ. ಸಂಜೀಮುಂದ ಒಮ್ಮೆಲೆ ಥಂಡಿ ಹತ್ತಿ ನಡುಗಾಕ ಹತ್ತಿದೆ’ ಅಂದರು. ಕೀಮೋ ಕೊಟ್ಟ ಮೇಲೆ ಒಂದು ವಾರದಿಂದ ಎರಡು ವಾರದೊಳಗೆ ಬಿಳಿ ಕಣಗಳು ತೀರಾ ಕೆಳಕ್ಕೆ ಇಳಿಯುತ್ತವೆ. ಚರ್ಮ ಬಿಸಿಯಾಗುವುದು, ಊದುವುದು, ಕೀವಾಗುವುದು ಇವೆಲ್ಲ ಆ ಕಣಗಳು ಹೋರಾಡುವ ಗುರುತು. ಹೋರಾಡುವವರೇ ಇಲ್ಲದಾಗ ಗುರುತೂ ಇರುವುದಿಲ್ಲ. ಹಾಗಾಗಿ ಕೀಮೋ ನಡೆಯುವಾಗ ಲೆಕ್ಕ ತಿರುಗಿಬಿಡುತ್ತದೆ. ಆಗ ಚರ್ಮ ಸರಿ ಇದ್ದರೂ ಜ್ವರ 100.4 ಮುಟ್ಟಿದರೆ ರಾತ್ರಿಯೋ ಹಗಲೋ ನೋಡದೆ ಎಮರ್ಜೆನ್ಸಿಗೆ ಹೋಗಬೇಕು. ಆ ಅಕ್ಕ ಹೋಗಿದ್ದರು. ಜೀವಕ್ಕೆ ತೊಂದರೆಯಾಗಲಿಲ್ಲ. ಇಂಪ್ಲಾಂಟ್ ಮಾತ್ರ ತೆಗೆಯಲೇಬೇಕಾಯಿತು. ಕೆಲವು ತಿಂಗಳು ಬಿಟ್ಟು, ಕೀಮೋ ಮುಗಿದ ಮೇಲೆ ಮತ್ತೆ ಯೋಚಿಸೋಣ ಅಂದಿದ್ದರು. ಅವರು ಅತ್ತದ್ದು ಒಂದೇ ಸಲ, ಮಗಳು ಊಟ ತಂದಾಗ.

ಅದೇ ವಾರ್ಡಿನಲ್ಲಿ ಇನ್ನೊಂದು ಕಥೆಯೂ ಇತ್ತು. ಇಂಪ್ಲಾಂಟಿಗೆ ಆಸರೆಯಾಗಿ ಚರ್ಮದಿಂದ ತಯಾರಿಸಿದ ಒಂದು ಹಾಳೆಯನ್ನು ಒಳಗೆ ಇಡುವುದುಂಟು. ಹೊರಗಿನಿಂದ ತರಿಸಬೇಕು, ದುಬಾರಿ, ನನಗೆ ಹಾಕಿರಲಿಲ್ಲ. ಅದನ್ನು ಹಾಕಿಸಿಕೊಂಡ ಒಬ್ಬರಿಗೆ ಆ ಹಾಳೆ ಇರುವಷ್ಟೇ ಜಾಗದಲ್ಲಿ ಚರ್ಮ ಕೆಂಪಾಗಿತ್ತು. ಅವರ ಬಣ್ಣ ಬೆಳ್ಳಗೆ, ಎದ್ದು ಕಾಣುತ್ತಿತ್ತು. ಬಿಸಿ ಇರಲಿಲ್ಲ, ಜ್ವರ ಇರಲಿಲ್ಲ, ರಕ್ತ ಪರೀಕ್ಷೆಯೂ ಸರಿ. ಅದು ಸೋಂಕಲ್ಲ, ಆ ಹಾಳೆಗೆ ದೇಹ ಒಗ್ಗುವಾಗ ಕೆಲವರಿಗೆ ಹಾಗಾಗುತ್ತದೆ, ತಾನಾಗಿ ಇಳಿಯುತ್ತದೆ ಅಂದರು. ಇಳಿಯಿತು. ಕೆಂಪಿದ್ದೂ ಸೋಂಕಿಲ್ಲದವರು ಅವರು, ಕೆಂಪಿಲ್ಲದೆ ಸೋಂಕಿದ್ದವಳು ನಾನು. ಇದು ಯಾವುದು ಅಂತ ತೀರ್ಮಾನ ಮಾಡುವುದು ಮನೆಯಲ್ಲಿ ಕುಳಿತ ನಮ್ಮ ಕೆಲಸ ಅಲ್ಲ. ಬದಲಾಗಿದೆ ಅಂತ ಹೇಳುವುದಷ್ಟೇ ನಮ್ಮ ಕೆಲಸ.

ನನ್ನ ಕೀಮೋ ಇದರಿಂದ ಸ್ವಲ್ಪ ಮುಂದಕ್ಕೆ ಹೋಯಿತು. ಕ್ಯಾನ್ಸರ್ ಡಾಕ್ಟರಿಗೆ ಇದ್ದ ದೊಡ್ಡ ಚಿಂತೆ ಅದೇ. ಸೋಂಕು ಪೂರ್ತಿ ಹತೋಟಿಗೆ ಬರದೆ ಕೀಮೋ ಕೊಡುವ ಹಾಗಿಲ್ಲ. ಬಹಳ ತಡ ಮಾಡುವ ಹಾಗೂ ಇಲ್ಲ. ಅವರು ಒಂದು ಮಾತು ನೇರವಾಗಿ ಹೇಳಿದ್ದರು, ‘ಇದು ಹತೋಟಿಗೆ ಬರದಿದ್ರೆ ಚೀಲ ತೆಗೆಸಿಬಿಡ್ತೀನಿ. ನನಗೆ ಮೊದಲು ಕ್ಯಾನ್ಸರ್.’ ಆ ಮಾತು ಕಟುವಾಗಿ ಕೇಳಿಸಿದರೂ ನನಗೆ ಸರಿ ಅನ್ನಿಸಿತು. ಹೊಸ ಚೀಲ ಇಟ್ಟ ಮೇಲೆ ಬಿಸಿ ಇಳಿಯಿತು, ಹೊಲಿಗೆ ಕೂಡಿತು, ಕೀಮೋ ಶುರುವಾಯಿತು. ಕಣಗಳು ಇಳಿಯುವ ವಾರಗಳಲ್ಲಿ ಅತ್ತೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಬೆಳಿಗ್ಗೆ ಸಂಜೆ ಥರ್ಮಾಮೀಟರ್ ತಾವೇ ತಂದು ಕೊಡುತ್ತಿದ್ದರು.

ಈಗ ಖಾಯಂ ಇಂಪ್ಲಾಂಟ್ ಇದೆ. ಸೋಂಕು ಹೆಚ್ಚಾಗಿ ಬರುವುದು ಮೊದಲ ಒಂದೆರಡು ತಿಂಗಳಲ್ಲಿ. ಆದರೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೂ ಬಂದದ್ದುಂಟು. ತುಂಬಾ ತಡವಾಗಿ ನೀರು ತುಂಬಿ ಊದಿಕೊಂಡರೆ ಬೇರೆ ಕಾರಣಗಳೂ ಇರಬಹುದು, ಅದನ್ನೂ ಪರೀಕ್ಷೆ ಮಾಡಿಸಲೇಬೇಕು ಅಂದಿದ್ದಾರೆ. ನಾನು ಈಗ ದಿನವೂ ನೋಡುವುದಿಲ್ಲ, ವಾರಕ್ಕೊಮ್ಮೆ ನೋಡುತ್ತೇನೆ. ಬಲಗೈಗೆ ಅಡಿಗೆಮನೆಯಲ್ಲಿ ಗಾಯವಾದರೆ, ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಾದರೆ, ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಕೇಳುತ್ತೇನೆ. ಅಲ್ಲಿ ಯಾರೂ ಒಂದು ದಿನವೂ ಬೇಸರ ಮಾಡಿಕೊಂಡಿಲ್ಲ.

ಮೊನ್ನೆ ಗುಬ್ಬಿಯಿಂದ ಒಬ್ಬರು ನನ್ನ ನಂಬರ್ ಪಡೆದು ಫೋನ್ ಮಾಡಿದ್ದರು. ಆಪರೇಷನ್ ಆಗಿ ಸ್ವಲ್ಪ ಕಾಲವಾಗಿದೆ. ಕೆಳಗಡೆ ಊದಿದ ಹಾಗಿದೆ, ಅಲುಗಾಡಿದರೆ ಒಳಗೆ ನೀರು ಆಡಿದ ಹಾಗೆ ಅನ್ನಿಸುತ್ತದೆ, ಆದರೆ ಜ್ವರ ಇಲ್ಲ, ಏನು ಮಾಡಲಿ ಅಂದರು. ಬಿಸಿ ಇದೆಯಾ ನೋಡಿ ಅಂದೆ, ಹೇಗೆ ನೋಡುವುದು ಅಂತಲೂ ಹೇಳಿಕೊಟ್ಟೆ. ಎರಡೂ ಕಡೆ ಒಂದೇ ಥರ ಇದೆ ಅಂದರು. ಆದರೂ ಊತ ಹೊಸದು ತಾನೇ, ಈಗಲೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ನೀವಾಗೇ ಯಾವ ಆ್ಯಂಟಿಬಯಾಟಿಕ್ ಮಾತ್ರೆಯನ್ನೂ ತಗೋಬೇಡಿ ಅಂದೆ. ‘ಸುಮ್ನೆ ಹೋಗಿ ಏನೂ ಇಲ್ಲ ಅಂದ್ರೆ ಬೈತಾರೇನೋ ಅಕ್ಕಾ’ ಅಂದರು. ಬೈಯಲ್ಲ, ಹೋಗಿ ಅಂದೆ.

ಸಂಜೆ ಅವರೇ ಫೋನ್ ಮಾಡಿದರು. ಅಲ್ಟ್ರಾಸೌಂಡ್ ಆಯಿತಂತೆ. ನಿಂತದ್ದು ಬರೀ ನೀರು, ಸೋಂಕಿಲ್ಲ. ಸೂಜಿಯಲ್ಲಿ ಎಳೆದು, ಆದರೂ ಇರಲಿ ಅಂತ ಕಲ್ಚರ್‌ಗೆ ಕಳಿಸಿದ್ದಾರೆ. ಶುಕ್ರವಾರ ಮತ್ತೆ ಬರಲು ಹೇಳಿದ್ದಾರಂತೆ.